ಹೊರಗಡೆ ತೆಗೆದ ಪೋರ್ಟ್ರೇಟ್: ಮೂಗು ಶಾರ್ಪ್, ಕಣ್ಣು ಮಸುಕು!

ಪ್ರಶ್ನೆ: ಮೊದಲ ಸಲ ತಂಗಿಯನ್ನು ಮರದ ಕೆಳಗೆ ನಿಲ್ಲಿಸಿ ಫೋಟೋ ತೆಗೆದೆ. 50 ಎಂಎಂ ಲೆನ್ಸ್, ಎಫ್ 1.8 (ಲೆನ್ಸ್ ಒಳಗಿನ ತೂತಿನ ಅಳತೆ; ಅಂಕಿ ಚಿಕ್ಕದಾದಷ್ಟು ತೂತು ದೊಡ್ಡದು), ನಡುಮಧ್ಯಾಹ್ನ. ಕಣ್ಣಿನ ಗುಳಿಯೆಲ್ಲ ಕಪ್ಪು, ಕೆನ್ನೆ ಮೇಲೆ ಬಿಸಿಲಿನ ಚುಕ್ಕೆಗಳು, ಮೂಗು ಮಾತ್ರ ಶಾರ್ಪ್. ಲೆನ್ಸ್ ಕೆಟ್ಟಿದೆಯಾ?

ಉತ್ತರ 1: ಲೆನ್ಸ್ ಪಾಪ ಏನು ಮಾಡುತ್ತದೆ! ಎಫ್ 1.8ರಲ್ಲಿ ಹತ್ತಿರದಿಂದ ತೆಗೆದರೆ ಶಾರ್ಪ್ ಆಗಿ ಬರುವ ಜಾಗ ಕೆಲವೇ ಸೆಂಟಿಮೀಟರ್. ಸುಮ್ನೆ ಎಫ್ 2.8 ಅಥವಾ 4ಕ್ಕೆ ಹೋಗಿ, ಆ ಜಾಗ ಹೆಚ್ಚುತ್ತದೆ; ಫೋಕಸ್ ಪಾಯಿಂಟ್ ಕ್ಯಾಮೆರಾಗೆ ಹತ್ತಿರದ ಕಣ್ಣಿನ ಮೇಲೆ ಇಡಿ.

ಉತ್ತರ 2: ಬಿಸಿಲು ನೆತ್ತಿ ಮೇಲಿದ್ದರೆ ಹಾಗೇ ಅಲ್ವಾ. ಸಂಜೆವರೆಗೆ ಕಾಯಿರಿ, ಆಗಲ್ಲ ಅಂದರೆ ಎಲೆ ಸಂದಿಯಿಂದ ಬಿಸಿಲು ತೂರದ ಕಡೆ, ಗೋಡೆ ನೆರಳಿನ ಅಂಚಿನಲ್ಲಿ, ಮುಖ ಬೆಳಕಿನ ಕಡೆ ತಿರುಗಿಸಿ ನಿಲ್ಲಿಸಿ.

ಪ್ರಶ್ನೆ ಕೇಳಿದವರು: ಓ, ಫೋಕಸ್ ಹಿಡಿದ ಮೇಲೆ ನಾನೇ ಸ್ವಲ್ಪ ಹಿಂದಕ್ಕೆ ವಾಲಿದ್ದೆ, ಅದಕ್ಕೇ ಫೋಕಸ್ ಕಣ್ಣು ಬಿಟ್ಟು ಮೂಗಿಗೆ ಬಂದಿದೆ! ತಂಗಿ ಇನ್ನೊಂದು ಸಲ ನಿಲ್ಲುತ್ತಾಳೋ ಇಲ್ಲವೋ.