ಕಡಿಮೆ ಖರ್ಚಿನಲ್ಲಿ .22 ರೈಫಲ್: ಹೊಸದೋ, ಹಳೆಯ ಬ್ರನೋ ಸಿಕ್ಕಿದರೆ ಅದೋ?

ಸುರತ್ಕಲ್‌ನ ಶಿಕ್ಷಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಶಿಬಿರದಲ್ಲಿ .22 (ನಳಿಗೆಯ ಒಳಅಳತೆ 0.22 ಇಂಚು) ರೈಫಲ್ ಹಿಡಿದು 25 ಗಜದ ಗುರಿಗೆ ಹೊಡೆದವಳು ನಾನು. ಆಮೇಲೆ ಕೆಲಸ, ಮನೆ, ಮಕ್ಕಳು ಎಂದು ಅದು ಹಿಂದೆ ಉಳಿಯಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದದ್ದನ್ನು ನೋಡಿದ ಮೇಲೆ ಹಳೆಯ ಆಸೆ ಬಿಡುತ್ತಿಲ್ಲ. ಪದಕದ ಹಂಬಲ ಇಲ್ಲ. ರಜೆಯ ದಿನ ರೇಂಜಿಗೆ ಹೋಗಿ, ನೆಲಕ್ಕೆ ಒರಗಿ ಮಲಗಿ, ಐದು ಗುಂಡುಗಳನ್ನು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂರಿಸಿದರೆ ನನಗೆ ಅದೇ ಹಬ್ಬ.

ಎಲ್ಲ ಸೇರಿ ಒಂದು ಲಕ್ಷ ರೂಪಾಯಿ ತೆಗೆದಿಟ್ಟಿದ್ದೇನೆ. ಸರ್ಕಾರಿ ಕಾರ್ಖಾನೆಯ ಹೊಸ .22 ಸ್ಪೋರ್ಟಿಂಗ್ ರೈಫಲ್ ಒಂದು ದಾರಿ. ಇನ್ನೊಂದು, ಉಡುಪಿಯಲ್ಲಿ ಪರಿಚಯದ ಒಬ್ಬ ಹಿರಿಯರ ಮನೆಯಲ್ಲಿ ಹಳೆಯ ಬ್ರನೋ, ಅಂದರೆ ಚೆಕೊಸ್ಲೊವಾಕಿಯಾದ .22 ರೈಫಲ್, ಇದೆ, ಕೊಡುವ ಮನಸ್ಸಿದೆ ಎಂದಿದ್ದಾರೆ. ಯೂಟ್ಯೂಬ್ ನೋಡುವ ನನ್ನ ಮಗ ರೂಗರ್ 10/22 ಎಂಬುದರ ಹೆಸರು ಹೇಳುತ್ತಾನೆ. ಬಂಟ್ವಾಳದ ತವರಿನಲ್ಲಿ ಅಪ್ಪನ ಹೆಸರಲ್ಲಿ ಬೆಳೆ ರಕ್ಷಣೆಯ ಒಂಟಿ ನಳಿಗೆ ಕೋವಿ ಇದೆ. ಆ ಪರವಾನಗಿಗೆ ಇದನ್ನೂ ಸೇರಿಸಿ, ಅಲ್ಲಿನ ಅಡಿಕೆ ತೋಟದಲ್ಲೇ ಅಭ್ಯಾಸ ಮಾಡಬಹುದೇ? ಮಳೆಗಾಲದ ತೇವಕ್ಕೆ ರೈಫಲ್ ಉಳಿಯುತ್ತದೆಯೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಕಡಿಯಾಳಿಯ ನಿವೃತ್ತ ಸುಬೇದಾರ ಬರೆದದ್ದು:

ತಂಗೀ, ಮೊದಲು ತೋಟದ ಮಾತು ಮುಗಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಆಮೇಲಿನದು. ಅಡಿಕೆ ತೋಟದಲ್ಲಿ .22 ಹೊಡೆಯಬೇಡಿ. ಸಣ್ಣ ಗುಂಡು ಎಂಬ ಸಸಾರ ಬೇಡ. 40 ಗ್ರೇನ್, ಅಂದರೆ ಸುಮಾರು ಎರಡೂವರೆ ಗ್ರಾಂ ತೂಕದ ಆ ಸೀಸ, ನಳಿಗೆಯನ್ನು ಮೇಲೆತ್ತಿ ಹೊಡೆದರೆ ಒಂದೂವರೆ ಕಿಲೋಮೀಟರ್ ಆಚೆಗೂ ಹೋಗಿ ಬೀಳುತ್ತದೆ. ನಮ್ಮೂರಿನಲ್ಲಿ ಆ ದೂರದೊಳಗೆ ಎಷ್ಟು ಮನೆಗಳಿವೆ ಎಂದು ಯೋಚಿಸಿ. ಮುರಕಲ್ಲಿನ ಕಟ್ಟೆಗೋ ಬರೆಗೋ ತಾಗಿದರೆ ಅದು ಯಾವ ದಿಕ್ಕಿಗೆ ಚಿಮ್ಮುತ್ತದೆಂದು ಹೇಳಲು ಬರುವುದಿಲ್ಲ. ಗುರಿ ಅಭ್ಯಾಸಕ್ಕೆ ಪರವಾನಗಿ ಪಡೆದ ರೇಂಜ್ ಒಂದೇ ಜಾಗ.

ಅಪ್ಪನ ಪರವಾನಗಿ ಅಪ್ಪನದು, ಅದೂ ಬೆಳೆ ರಕ್ಷಣೆಗೆ. ನಿಮಗೆ ನಿಮ್ಮದೇ ಬೇಕು. 2016ರ ಆಯುಧ ನಿಯಮಗಳಲ್ಲಿ ಕ್ರೀಡೆಯ ಕಾರಣ ಹೇಳಿ ಕೇಳುವವರ ಬಗ್ಗೆ ಒಂದು ಮಾತಿದೆ: ಶೂಟಿಂಗ್ ಕ್ಲಬ್ ಅಥವಾ ರೈಫಲ್ ಸಂಸ್ಥೆಯಲ್ಲಿ ಹಿಂದಿನ ಎರಡು ವರ್ಷ ಸಕ್ರಿಯ ಸದಸ್ಯರಾಗಿರಬೇಕು. ಇದನ್ನು ತಿಳಿಯದೆ ಮೊದಲು ರೈಫಲ್ ಹುಡುಕಿ, ಮುಂಗಡ ಕೊಟ್ಟು, ಆಮೇಲೆ ಅರ್ಜಿ ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ಹಾಗಾಗಿ ನಿಮ್ಮ ಒಂದು ಲಕ್ಷದಲ್ಲಿ ಮೊದಲು ಹೊರಡಬೇಕಾದ ಹಣ ಕ್ಲಬ್ಬಿನ ಸದಸ್ಯತ್ವದ್ದು. ಅಲ್ಲೇ ಆಯುಧ ಸುರಕ್ಷತಾ ತರಬೇತಿ ಪಡೆದು ನಮೂನೆ ಎಸ್-1 ಪ್ರಮಾಣಪತ್ರ ಮಾಡಿಸಿಕೊಳ್ಳಿ. ಅರ್ಜಿ ನಮೂನೆ ಎ-1ರಲ್ಲಿ. ಸುರತ್ಕಲ್ ಮಂಗಳೂರು ಪೊಲೀಸ್ ಕಮಿಷನರೇಟ್ ವ್ಯಾಪ್ತಿಗೆ ಸೇರಿದ್ದರಿಂದ ನಿಮ್ಮದು ಕಮಿಷನರ್ ಕಚೇರಿಗೆ ಹೋಗುತ್ತದೆ. ನನ್ನಂಥ ಉಡುಪಿಯವರಿಗೆ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿ.

ಈ ಎರಡು ವರ್ಷ ಸುಮ್ಮನೆ ಕೂರಬೇಕಾಗಿಲ್ಲ. .177ರ ಏರ್ ರೈಫಲ್, ಶಕ್ತಿ 20 ಜೂಲ್‌ನೊಳಗೆ ಇದ್ದರೆ, ಪರವಾನಗಿ ಬೇಡ. ಪ್ರೆಸಿಹೋಲ್‌ನಂಥ ನಮ್ಮ ದೇಶದ ತಯಾರಕರದ್ದೇ ಒಳ್ಳೆಯವು ಸಿಗುತ್ತವೆ. 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. 50 ಮೀಟರ್ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್. ಅರ್ಧ ಮಿಲಿಮೀಟರಿಗೆ ಕೈ ಪಳಗಿಸಿಕೊಂಡವರಿಗೆ .22 ಹೊಸ ವಿದ್ಯೆ ಆಗುವುದಿಲ್ಲ. ಏರ್ ರೈಫಲ್ ಗುಂಡು ನಳಿಗೆ ಬಿಡಲು ಹೆಚ್ಚು ಹೊತ್ತು ಹಿಡಿಯುತ್ತದೆ. ಟ್ರಿಗರ್ ಒತ್ತಿದ ಮೇಲೂ ಮೈ ಅಲುಗದೆ ನಿಲ್ಲುವ ಶಿಸ್ತನ್ನು ಅದು ಚೆನ್ನಾಗಿ ಕಲಿಸುತ್ತದೆ.

ಇನ್ನು ರೈಫಲ್. ಮಗನಿಗೆ ಹೇಳಿ, ರೂಗರ್ 10/22 ಅಮೆರಿಕದಲ್ಲಿ 1964ರಿಂದ ಮನೆಮಾತಾದ ಒಳ್ಳೆಯ ರೈಫಲ್ ಹೌದು, ಆದರೆ ಅದು ಸೆಮಿ ಆಟೊಮ್ಯಾಟಿಕ್, ಒಂದು ಹೊಡೆದೊಡನೆ ಮುಂದಿನ ಕಾಡತೂಸನ್ನು ತಾನೇ ತುಂಬಿಕೊಳ್ಳುವಂಥದ್ದು. ನಮ್ಮ ನಿಯಮಗಳಲ್ಲಿ ಅಂಥವು ನಿರ್ಬಂಧಿತ ವರ್ಗದವು. ನಮಗೆ ಬೋಲ್ಟ್ ಎಳೆದು ಒಂದೊಂದೇ ಹೊಡೆಯುವ ರೈಫಲ್. ಗುರಿ ಕಲಿಯುವವರಿಗೆ ನಿಜವಾಗಿ ಒಳ್ಳೆಯದೂ ಅದೇ.

ಹಣವನ್ನು ಅಳೆಯುವಾಗ ರೈಫಲಿನ ಬೆಲೆ ನೋಡಬೇಡಿ, ಕಾಡತೂಸಿನದ್ದನ್ನು ನೋಡಿ. ಪೆಟ್ಟಿಗೆಯಲ್ಲಿ 50 ಇರುತ್ತವೆ. ಸ್ಪರ್ಧೆಯ ಒಂದು ಸುತ್ತಿಗೇ 60 ಗುಂಡು ಬೇಕು, ಗುರಿ ಹೊಂದಿಸಿಕೊಳ್ಳುವುದಕ್ಕೆ ಹೊಡೆಯುವುದು ಬೇರೆ. ರಿಮ್‌ಫೈರ್ ಆದ್ದರಿಂದ ಖಾಲಿ ಕೋಶಕ್ಕೆ ಮತ್ತೆ ಮದ್ದು ತುಂಬಿಸಿ ಬಳಸುವ ಉಪಾಯವೂ ಇಲ್ಲ: ಕಿಡಿ ಹೊತ್ತಿಸುವ ಮಸಾಲೆ ಕೋಶದ ಅಂಚಿನ ಮಡಿಕೆಯೊಳಗೇ ಇದ್ದು, ಪಿನ್ ಆ ಅಂಚನ್ನು ಜಜ್ಜಿದರೆ ಅದರ ಆಯುಷ್ಯ ಮುಗಿಯಿತು. ಲಕ್ಷವನ್ನೆಲ್ಲ ರೈಫಲಿಗೆ ಸುರಿದು, ತಿಂಗಳಿಗೆ ಹತ್ತು ಗುಂಡು ಹೊಡೆಯುವವರಿಗಿಂತ ಸಾಧಾರಣ ರೈಫಲಿನಲ್ಲಿ ವಾರವಾರ ಹೊಡೆಯುವವರು ಮುಂದೆ ಹೋಗುತ್ತಾರೆ. ಹಾಗಾಗಿ ನನ್ನ ಮತ ಸರ್ಕಾರಿ ಕಾರ್ಖಾನೆಯ ಹೊಸ ರೈಫಲಿಗೆ. ಆರ್ಡ್‌ನನ್ಸ್ ಕಾರ್ಖಾನೆಗಳ ಮಂಡಳಿ 2021ರ ಅಕ್ಟೋಬರ್‌ನಲ್ಲಿ ಏಳು ಕಂಪನಿಗಳಾಗಿ ಒಡೆಯಿತು. ಆಯುಧಗಳ ಕೆಲಸ ಈಗ ಕಾನ್ಪುರದಲ್ಲಿ ಕೇಂದ್ರ ಕಚೇರಿ ಇರುವ ಕಂಪನಿಯದು. ನಯನಾಜೂಕು ಕಡಿಮೆ, ಟ್ರಿಗರ್ ಸ್ವಲ್ಪ ಬಿರುಸು. ಆದರೆ ಹೊಸ ನಳಿಗೆ, ಕಾಗದಪತ್ರದ ತಕರಾರು ಇಲ್ಲ.

ಬೆಳ್ತಂಗಡಿ ತೋಟದವರು ಬರೆದದ್ದು:

ಸುಬೇದಾರರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಚುನಾವಣೆ ಘೋಷಣೆಯಾದೊಡನೆ ಕೋವಿ ಜಮೆ ಮಾಡಿ ಎಂಬ ನೋಟಿಸು ನಮ್ಮ ಕಡೆ ಮಾಮೂಲು. ಮಂಗ, ಹಂದಿ ತೋಟಕ್ಕೆ ನುಗ್ಗುವ ಹೊತ್ತಿಗೇ ಕೋವಿ ಇರುವುದಿಲ್ಲ ಎಂಬ ಸಂಕಟ ಇಲ್ಲಿನ ಪ್ರತಿಯೊಬ್ಬ ಕೃಷಿಕನದ್ದು. ಯಾರ ಕೋವಿ ಜಮೆಯಾಗಬೇಕೆಂದು ನೋಡುವ ಪರಿಶೀಲನಾ ಸಮಿತಿಗೆ ವಿನಾಯಿತಿ ಕೋರಿ ಅರ್ಜಿ ಕೊಡಬಹುದು, ಕೊಡಲೂ ಬೇಕು. ಒಮ್ಮೆ ನನ್ನ ಜೋಡು ನಳಿಗೆ ಜಮೆಯಿಂದ ಹಿಂದೆ ಬಂದಾಗ ನಳಿಗೆಯ ಮೇಲೆ ಕೆಂಪು ತುಕ್ಕು ಹೊಟ್ಟಿನ ಹಾಗೆ ಎದ್ದಿತ್ತು. ಅಂದಿನಿಂದ ಕೊಡುವ ಮೊದಲು ಒಳಗೂ ಹೊರಗೂ ದಪ್ಪವಾಗಿ ಎಣ್ಣೆ ಸವರಿ, ಫೋಟೊ ತೆಗೆದು, ರಸೀದಿಯಲ್ಲಿ ಸ್ಥಿತಿ ಬರೆಸಿಕೊಳ್ಳುತ್ತೇನೆ. .22 ಕೊಂಡ ಮೇಲೆ ನಿಮಗೂ ಇದು ಬರುತ್ತದೆ, ಈಗಲೇ ತಿಳಿದಿರಲಿ.

ಇನ್ನೊಂದು. .22 ಕೈಗೆ ಬಂದ ಮೇಲೆ ನೆಂಟರು, ನೆರೆಯವರು ‘ಒಂದು ಹಂದಿ ಹೊಡೆದುಕೊಡಿ’ ಎಂದು ಬಂದೇ ಬರುತ್ತಾರೆ. ಒಪ್ಪಬೇಡಿ ಮಾರಾಯರೇ. 1972ರ ವನ್ಯಜೀವಿ ಕಾಯ್ದೆ ಒಂದು ಕಡೆ ಇರಲಿ, .22 ಗುಂಡಿಗೆ ಹಂದಿ ಬೀಳುವುದಿಲ್ಲ, ಗಾಯಗೊಂಡು ಪೊದೆ ಸೇರಿ ನರಳಿ ಸಾಯುತ್ತದೆ. ಅದನ್ನು ಕಂಡವರು ಮತ್ತೆ ಆ ಮಾತು ಎತ್ತುವುದಿಲ್ಲ.

ಆಯ್ಕೆಯಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಬ್ರನೋ ಚೆನ್ನಾಗಿದ್ದರೆ ಅದನ್ನೇ ತೆಗೆದುಕೊಳ್ಳಿ. ಹಳೆಯ ಚೆಕೊಸ್ಲೊವಾಕಿಯಾದ ಆ ನಳಿಗೆಗಳ ಕೆಲಸ ಈಗಲೂ ಮೆಚ್ಚುವಂಥದ್ದು. ಎಂಬತ್ತರ ದಶಕದಲ್ಲಿ ಜನಸಾಮಾನ್ಯರಿಗೆ ಆಮದು ನಿಂತ ಮೇಲೆ ಅಂಥವು ಮನೆಯಿಂದ ಮನೆಗೆ ಕೈ ಬದಲಾಯಿಸುತ್ತಿವೆಯೇ ಹೊರತು ಹೊಸದಾಗಿ ಬರುವುದಿಲ್ಲ. ಮುಂದೆ ಬಿಟ್ಟುಕೊಡಬೇಕಾದರೂ ಬೆಲೆ ಇಳಿಯುವುದಿಲ್ಲ.

ಮಲ್ಪೆಯ ಲೇತ್ ಕೆಲಸದವರು ಬರೆದದ್ದು:

ನಾನು ದೋಣಿಯ ಎಂಜಿನ್ ಶಾಫ್ಟ್ ತಿರುಗಿಸುವ ಕೆಲಸದವನು, ಕ್ಲಬ್ಬಿನಲ್ಲಿ .22 ಹೊಡೆಯುತ್ತೇನೆ. ಬ್ರನೋ ಅಥವಾ ಬಿಎಸ್‌ಎ ಎಂಬ ಹೆಸರಿಗೆ ಹಣ ಕೊಡಬೇಡಿ, ಉಕ್ಕಿನ ಸ್ಥಿತಿಗೆ ಕೊಡಿ. ಹಿರಿಯರ ಮನೆಗೆ ಹೋದಾಗ ಅವರ ಎದುರಲ್ಲೇ, ಅವರ ಕೈಯಿಂದಲೇ ಬೋಲ್ಟ್ ತೆಗೆಸಿ, ಒಳಗೆ ಏನೂ ಇಲ್ಲವೆಂದು ಖಚಿತ ಮಾಡಿಕೊಂಡು, ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ಸುರುಳಿ ಗೆರೆಗಳು ಕೊನೆಯವರೆಗೂ ಹರಿತವಾಗಿ ಹೊಳೆಯಬೇಕು. ನಡುವೆ ಕಪ್ಪು ಉಂಗುರದಂಥ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ, ಕೈ ಮುಗಿದು ಎದ್ದು ಬನ್ನಿ.

ಆಮೇಲೆ ಬಾಯಿ. ಗುಂಡು ಹೊರಬೀಳುವ ಅಂಚಿನಲ್ಲಿ ಒಂದು ಕಡೆ ಸವೆತ ಇದ್ದರೆ, ಮುಂದಿನಿಂದ ಸರಳು ತೂರಿಸಿ ಒರೆಸುತ್ತ ಬಂದಿದ್ದಾರೆ ಎಂದರ್ಥ. ಆ ಅಂಚು ಓರೆಯಾದರೆ ಗುಂಡೂ ಓರೆ. ಮೂರನೆಯದು ಹೆಚ್ಚಿನವರು ನೋಡದೇ ಬಿಡುವುದು: ಚೇಂಬರಿನ, ಅಂದರೆ ಕಾಡತೂಸು ಕೂರುವ ಗೂಡಿನ, ತುಟಿ. ರಿಮ್‌ಫೈರ್‌ನಲ್ಲಿ ಕಾಡತೂಸು ಇಲ್ಲದೆ ಟ್ರಿಗರ್ ಒತ್ತುತ್ತಿದ್ದರೆ ಪಿನ್ ನೇರವಾಗಿ ಆ ತುಟಿಯನ್ನು ಬಡಿಯಬಹುದು. ಬಡಿದು ಬಡಿದು ಉಕ್ಕು ಒಳಕ್ಕೆ ಒತ್ತಿಕೊಂಡು ಹುಬ್ಬು ಏಳುತ್ತದೆ. ಆಗ ಕಾಡತೂಸು ಬಿಗಿಯಾಗಿ ಕೂರುತ್ತದೆ, ಖಾಲಿ ಕೋಶ ಹೊರಗೆ ಬರಲು ಹಟ ಮಾಡುತ್ತದೆ. ಉಗುರಿನ ತುದಿ ಆಡಿಸಿದರೆ ಸಿಗುತ್ತದೆ.

ಸಾಧ್ಯವಾದರೆ ಮಾಲೀಕರೇ ಅದನ್ನು ರೇಂಜಿಗೆ ತಂದು, ಎರಡು ಮೂರು ಬಗೆಯ ಕಾಡತೂಸಿನಲ್ಲಿ ಐದೈದು ಹೊಡೆದು ತೋರಿಸಲಿ. ಒಂದು ನಳಿಗೆಗೆ ಒಗ್ಗಿದ ಕಾಡತೂಸು ಇನ್ನೊಂದಕ್ಕೆ ಒಗ್ಗುವುದಿಲ್ಲ. ಒಂದೇ ಕಂಪನಿಯ ಬೇರೆ ಲಾಟ್ ಕೂಡ ಕಾಗದದ ಮೇಲೆ ಗುಂಡುಗಳು ಬೀಳುವ ಗುಂಪನ್ನು ಹಿಗ್ಗಿಸುತ್ತದೆ. ವೇಗ ಹೆಚ್ಚು ಎಂದು ಬರೆದ ಪೆಟ್ಟಿಗೆಯ ಆಸೆ ಬೇಡ. ಶಬ್ದದ ವೇಗದ ಕೆಳಗೇ, ಸೆಕೆಂಡಿಗೆ 330 ಮೀಟರ್ ಆಸುಪಾಸಿನಲ್ಲಿ ಹೊರಡುವುದು ಕಾಗದಕ್ಕೆ ಹೊಡೆಯುವವರಿಗೆ ಸಾಕು. ಆ ಗಡಿ ದಾಟಿ ಹೊರಟ ಗುಂಡು ದಾರಿಯಲ್ಲಿ ವೇಗ ಕಳೆದು ಮತ್ತೆ ಗಡಿಯೊಳಗೆ ಬರುವಾಗ ತುಯ್ದಾಡುತ್ತದೆ.

ಮಳೆಗಾಲದ ಬಗ್ಗೆ: ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಜೊತೆಗೆ ಉಪ್ಪುಗಾಳಿ. ರೈಫಲನ್ನು ಎಂದೂ ಅದರ ಚೀಲದಲ್ಲೇ ಇಟ್ಟು ಬೀಗ ಹಾಕಬೇಡಿ. ಚರ್ಮವೂ ಸ್ಪಂಜೂ ತೇವ ಹೀರಿ ಉಕ್ಕಿಗೆ ಉಣಿಸುತ್ತವೆ. ಕಬ್ಬಿಣದ ಕಪಾಟಿನಲ್ಲಿ ನಿಲ್ಲಿಸಿ, ಸಿಲಿಕಾ ಜೆಲ್ ಇಡಿ, ಆಟಿಯಲ್ಲಿ ಅದನ್ನು ಆಗಾಗ ಬಿಸಿ ಮಾಡಿ ಒಣಗಿಸಿ. ತೆಂಗಿನೆಣ್ಣೆ ಸವರುವವರಿದ್ದಾರೆ, ದಯವಿಟ್ಟು ಬೇಡ, ಅದು ಅಂಟಾಗಿ ಬೋಲ್ಟನ್ನು ಹಿಡಿಯುತ್ತದೆ. ಮರದ ಸ್ಟಾಕ್ ಜೂನ್‌ನಲ್ಲಿ ಉಬ್ಬಿ ನಳಿಗೆಗೆ ತಾಗಿದರೆ ಗುರಿ ಸರಿಯುತ್ತದೆ. ಎರಡರ ನಡುವೆ ಒಂದು ನೋಟಿನಷ್ಟು ಸಂದು ಇದೆಯೇ ಎಂದು ನೋಟನ್ನೇ ತೂರಿಸಿ ನೋಡಿ.

ಸುರತ್ಕಲ್‌ನ ಶಿಕ್ಷಕಿ ಬರೆದದ್ದು:

ಎಲ್ಲರಿಗೂ ಧನ್ಯವಾದ. ಕ್ಲಬ್ಬಿಗೆ ಅರ್ಜಿ ಕೊಟ್ಟೆ, ಏರ್ ರೈಫಲಿಗೂ ಹೇಳಿಟ್ಟಿದ್ದೇನೆ. ನಿನ್ನೆ ಉಡುಪಿಗೆ ಹೋಗಿ ಬ್ರನೋ ನೋಡಿದೆ. ಹಿರಿಯರು ಬೋಲ್ಟ್ ತೆಗೆದು ಟವೆಲಿನ ಮೇಲೆ ಇಟ್ಟರು. ನಳಿಗೆ ಕನ್ನಡಿಯಂತಿದೆ, ಬಾಯಿಯ ಅಂಚು ದುಂಡಗಿದೆ. ಆದರೆ ಚೇಂಬರಿನ ತುಟಿಯಲ್ಲಿ, ಗಡಿಯಾರದ ಹನ್ನೆರಡರ ಜಾಗದಲ್ಲಿ, ಸಾಸಿವೆಯ ಅರ್ಧದಷ್ಟು ಒಂದು ಕಚ್ಚು ಉಗುರಿಗೆ ಸಿಕ್ಕಿತು. ಮೊಮ್ಮಕ್ಕಳು ಖಾಲಿ ಟ್ರಿಗರ್ ಒತ್ತಿ ಆಡುತ್ತಿದ್ದರಂತೆ. ಬಿಟ್ಟುಬಿಡಲೇ? ಮತ್ತೊಂದು ವಿಷಯ, ನನಗೆ ಚಾಳೀಸು ಬಂದಿದೆ. ಹಿಂದಿನ ವಿ ಆಕಾರದ ಸೈಟ್ ಮಂಜಾಗಿ ಕಾಣುತ್ತದೆ. ದೂರದರ್ಶಕ ಹಾಕಿಸಬೇಕೇ?

ಮಲ್ಪೆಯ ಲೇತ್ ಕೆಲಸದವರು ಬರೆದದ್ದು:

ಅಕ್ಕ, ಬಿಡಬೇಡಿ. ಅಷ್ಟು ಸಣ್ಣ ಕಚ್ಚಿಗೆ ಮದ್ದಿದೆ. ಚೇಂಬರಿನ ಅಳತೆಗೆ ಸರಿಯಾದ, ಹೊಳಪು ಕೊಟ್ಟ ಗಟ್ಟಿ ಉಕ್ಕಿನ ಮೊಳೆಯೊಂದನ್ನು ಒಳಗೆ ಕೂರಿಸಿ ತಿರುವಿದರೆ ಎದ್ದ ಹುಬ್ಬು ಮತ್ತೆ ತನ್ನ ಜಾಗಕ್ಕೆ ಒತ್ತಿಕೊಳ್ಳುತ್ತದೆ. ಅರದಿಂದ ಉಜ್ಜಬಾರದು. ಇದು ನನ್ನ ಲೇತಿನ ಕೆಲಸವೂ ಅಲ್ಲ. ಕೋವಿ ದುರಸ್ತಿಗೆ ಪರವಾನಗಿ ಇದ್ದವರಿಂದಲೇ, ಈಗಿನ ಮಾಲೀಕರ ಹೆಸರಿನಲ್ಲೇ ಮಾಡಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

ಕಣ್ಣಿಗೆ ಮೊದಲು ಪೀಪ್ ಸೈಟ್ ಹಾಕಿ ನೋಡಿ. ಸಣ್ಣ ರಂಧ್ರದ ಮೂಲಕ ನೋಡಿದಾಗ ಹತ್ತಿರದ್ದೂ ದೂರದ್ದೂ ಒಟ್ಟಿಗೆ ತಿಳಿಯಾಗುತ್ತವೆ, ಚಾಳೀಸಿನವರಿಗೆ ಅದು ವರ. ಬ್ರನೋದ ಮೇಲ್ಭಾಗದಲ್ಲಿ ಸೈಟ್ ಕೂರಿಸಲು 11 ಮಿಲಿಮೀಟರ್‌ನ ತೋಡು ಕೊರೆದಿರುತ್ತದೆ, ತೂತು ಕೊರೆಯುವ ಕೆಲಸ ಇಲ್ಲ. ದೂರದರ್ಶಕವೇ ಬೇಕೆಂದರೆ ರಿಮ್‌ಫೈರ್‌ಗೆಂದೇ 50 ಗಜಕ್ಕೆ ಹೊಂದಿಸಿದ್ದನ್ನು ಕೇಳಿ. ದೊಡ್ಡ ರೈಫಲಿನದ್ದು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತದೆ. ಹತ್ತಿರದ ಗುರಿಗೆ ತಲೆ ಸ್ವಲ್ಪ ಸರಿದರೂ ಅದರೊಳಗಿನ ಗೆರೆ ಗುರಿಯಿಂದ ಸರಿಯುತ್ತದೆ.

ಕಡಿಯಾಳಿಯ ನಿವೃತ್ತ ಸುಬೇದಾರ ಬರೆದದ್ದು:

ನಳಿಗೆ ಹಾಗಿದ್ದರೆ ನಾನೂ ಬ್ರನೋಗೆ ಒಪ್ಪುತ್ತೇನೆ, ತಂಗೀ. ಆದರೆ ನಿಮ್ಮ ಪರವಾನಗಿ ಬರುವವರೆಗೆ ಅದು ಅವರ ಮನೆಯಲ್ಲೇ ಇರಲಿ, ಮುಂಗಡವನ್ನೂ ಕೊಡಬೇಡಿ. ಬಂದ ಮೇಲೆ ಹಿರಿಯರು ಮಾರುವ ವಿಷಯವನ್ನು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಿ, 45 ದಿನ ಕಳೆದ ಮೇಲೆಯೇ ಕೈ ಬದಲಾಯಿಸಬೇಕು. ನಳಿಗೆಯ ಮೇಲಿನ ಸಂಖ್ಯೆ ಅವರ ಪರವಾನಗಿ ಪುಸ್ತಕದಲ್ಲಿರುವುದಕ್ಕೆ ಅಕ್ಷರಶಃ ಹೊಂದುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ. ಹಳೆಯ ಪುಸ್ತಕಗಳಲ್ಲಿ ಕೈಬರಹದ 1 ಮತ್ತು 7 ಅದಲು ಬದಲಾಗಿ ಕುಳಿತಿರುತ್ತವೆ. ಹಾಗಿದ್ದರೆ ತಿದ್ದುಪಡಿಗೆ ಅವರು ಇಂದೇ ಅರ್ಜಿ ಕೊಡಲಿ.