ಪಿಲ್ಲರಿಗೆ ಅಂಟಿಸಿದ ಕ್ಯೂಆರ್ ಚೀಟಿಯನ್ನು ಎಷ್ಟು ನಂಬಬಹುದು? ಎಂಜಿನಿಯರೊಂದಿಗೆ ಪ್ರಶ್ನೋತ್ತರ

ಸದಸ್ಯರು (ಹಾಸನ): ನಮಸ್ಕಾರ ಸರ್. ನಮ್ಮ ಮನೆಯ ಪಿಲ್ಲರುಗಳಿಗೆ ಕಂಟ್ರಾಕ್ಟರು ಕ್ಯೂಆರ್ ಚೀಟಿ ಅಂಟಿಸಿದ್ದಾರೆ. ಸ್ಕ್ಯಾನ್ ಮಾಡಿದರೆ ‘ಎಂ25, 28 ದಿನದ ಪರೀಕ್ಷೆ ಪಾಸ್’ ಎಂಬ ವರದಿ ತೆರೆಯುತ್ತದೆ. ಕಾಂಕ್ರೀಟ್ ಹಾಕಿ ಇಂದಿಗೆ 12 ದಿನ. ಮುಂದಿನ ವಾರ ಸ್ಲ್ಯಾಬ್ ಹಾಕಿಸಬಹುದೇ?

ಎಂಜಿನಿಯರ್: ಸದ್ಯಕ್ಕೆ ಬೇಡ. ಎಂ25 ಎಂಬುದು ಕಾಂಕ್ರೀಟಿನ ಬಲದ ದರ್ಜೆ. ಅದರ 28 ದಿನದ ಫಲಿತಾಂಶ 12ನೇ ದಿನಕ್ಕೆ ಬರುವುದಿಲ್ಲ. ಕಾಂಕ್ರೀಟ್ ಹಾಕುವ ಹೊತ್ತಿನಲ್ಲೇ ಅದೇ ಕಾಂಕ್ರೀಟಿನಿಂದ 150 ಮಿ.ಮೀ. ಮಾದರಿ ಕ್ಯೂಬುಗಳನ್ನು ತುಂಬಿ, ಮರುದಿನ ಅಚ್ಚು ಬಿಡಿಸಿ, ನೀರಿನಲ್ಲಿಟ್ಟು, 7ನೇ ಮತ್ತು 28ನೇ ದಿನ ಯಂತ್ರದಲ್ಲಿ ಒತ್ತಿ ಒಡೆದು ಬಲ ನೋಡುತ್ತಾರೆ. ಕ್ಯೂಆರ್ ಬರೀ ಒಂದು ಪುಟದ ವಿಳಾಸ. ಆ ಪುಟವನ್ನು ಯಾರು, ಯಾವಾಗ ತುಂಬಿದರು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಕ್ಯೂಬ್ ತುಂಬಿದ್ದನ್ನು ಬರೆದಿಡುವ ರಿಜಿಸ್ಟರ್, ಲ್ಯಾಬಿನ ಸಹಿಯುಳ್ಳ ಮೂಲ ವರದಿ, ಕಾಂಕ್ರೀಟ್ ಲಾರಿಯ ಚಲನ್, ಈ ಮೂರನ್ನೂ ತರಿಸಿ ದಿನಾಂಕಗಳನ್ನು ತಾಳೆ ನೋಡಿ.

ಸದಸ್ಯರು (ಹಾಸನ): ನಾಲ್ಕೂ ಪಿಲ್ಲರಿಗೆ ಒಂದೇ ವರದಿ ಸಂಖ್ಯೆಯಿದೆ ಸರ್. ಪರೀಕ್ಷೆಯ ದಿನಾಂಕ ನಾವು ಪಾಯ ತೆಗೆಯುವುದಕ್ಕೂ ಮೊದಲಿನದು.

ಎಂಜಿನಿಯರ್: ಒಂದೇ ದಿನ ಹಾಕಿದ ಪಿಲ್ಲರುಗಳಿಗೆ ಒಂದೇ ವರದಿ ಇರುವುದು ತಪ್ಪಲ್ಲ. ದಿನಾಂಕ ಮಾತ್ರ ಆ ವರದಿ ನಿಮ್ಮ ಮನೆಯದಲ್ಲವೆಂದು ಹೇಳುತ್ತಿದೆ. ಕ್ಯೂಬನ್ನೇ ತುಂಬಿರದಿದ್ದರೆ 28 ದಿನ ಕಳೆದ ಮೇಲೆ ಪಿಲ್ಲರಿನಿಂದಲೇ ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ತುಂಡು) ತೆಗೆಸಿ ಪರೀಕ್ಷಿಸಬೇಕಾದೀತು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕೋರ್‌ಗಳ ಸರಾಸರಿ ಬಲ ಆ ದರ್ಜೆಗೆ ನಿಗದಿಯಾದ ಕ್ಯೂಬ್ ಬಲದ ಶೇ. 85ಕ್ಕೆ ಕಡಿಮೆಯಾಗಬಾರದು, ಯಾವುದೇ ಒಂದು ಕೋರ್ ಶೇ. 75ಕ್ಕಿಂತ ಕೆಳಗಿಳಿಯಬಾರದು.

ಸದಸ್ಯರು (ಶಿರಸಿ): ಸಿಮೆಂಟ್ ಚೀಲದ ಕ್ಯೂಆರ್ ‘ಅಸಲಿ’ ಎಂದು ತೋರಿಸಿದರೆ ಸಾಕೇ?

ಎಂಜಿನಿಯರ್: ಸಾಲದು. ಚೀಲದ ಮೇಲೆ ತಯಾರಾದ ವಾರ, ವರ್ಷ ನೋಡಿ. ಮೂರು ತಿಂಗಳು ದಾಟಿದ್ದರೆ ಪರೀಕ್ಷಿಸದೆ ಬಳಸಬೇಡಿ.



ಸದಸ್ಯರು (ದಾವಣಗೆರೆ): ‘ಸ್ಕ್ಯಾನ್ ಆಗದಿದ್ದರೆ ಕಾಂಕ್ರೀಟ್ ಕಳಪೆ, ಕೂಡಲೇ ಕೆತ್ತಿಸಿ’ ಎಂಬ ಸಂದೇಶ ಬಂದಿದೆ. ನಿಜವೇ?

ಎಂಜಿನಿಯರ್: ಈ ಫಾರ್ವರ್ಡ್ ಇಲ್ಲಿ ಮೂರನೆಯ ಸಲ ಬಂದಿದೆ. ಸ್ಕ್ಯಾನ್ ಆಗದಿದ್ದರೆ ಚೀಟಿಗೆ ಗಾರೆ ಮೆತ್ತಿದೆ ಎಂದಷ್ಟೇ ಅರ್ಥ. ಅತಿ ಹೆಚ್ಚಿನ ದೋಷ ತಿದ್ದುವಿಕೆಯಿಟ್ಟು ಮುದ್ರಿಸಿದ ಕೋಡ್ ಸುಮಾರು ಶೇ. 30ರಷ್ಟು ಹಾಳಾದರೂ ಓದಿಸಿಕೊಳ್ಳುತ್ತದೆ, ಅದಕ್ಕೂ ಕಾಂಕ್ರೀಟಿಗೂ ಸಂಬಂಧವಿಲ್ಲ. ಇದನ್ನು ನಂಬಿ ಗಟ್ಟಿ ಪಿಲ್ಲರಿಗೆ ಉಳಿ ಹಾಕಿಸಿ ಕಂಬಿ ಹೊರಬರಿಸಿಕೊಂಡವರನ್ನು ಕಂಡಿದ್ದೇನೆ.

ಕಂಟ್ರಾಕ್ಟರ್ (ಮೈಸೂರು): ಫೋನು ಹಿಡಿದವರೆಲ್ಲ ನಮ್ಮನ್ನು ಕಳ್ಳರೆನ್ನುತ್ತಿದ್ದಾರೆ. ಇಪ್ಪತ್ತು ವರ್ಷ ಚೀಟಿಯಿಲ್ಲದೆ ಕಟ್ಟಿದ್ದೇನೆ.

ಸದಸ್ಯರು (ದಾವಣಗೆರೆ): ಹಾಗಾದರೆ ರಿಜಿಸ್ಟರ್ ತೋರಿಸಲು ಸಂಕೋಚವೇಕೆ ಸ್ವಾಮಿ?

ಕಂಟ್ರಾಕ್ಟರ್ (ಮೈಸೂರು): ಕ್ಯೂಬಿನ ಖರ್ಚು ಕೊಡಿ ಎಂದಾಗ ನೀವೇ ಮುಖ ತಿರುಗಿಸುತ್ತೀರಿ.

ಸದಸ್ಯರು (ಕೊಪ್ಪಳ): ಸರ್, ಸಿಮೆಂಟ್ ಚೀಲದ ಕ್ಯೂಆರ್ ನಂಬಬಹುದೇ?

ಎಂಜಿನಿಯರ್: ಮೇಲೆ ಬರೆದಿದ್ದೇನೆ, ಓದಿ.

ಸದಸ್ಯರು (ಹಾಸನ): ರಿಜಿಸ್ಟರ್ ಸೋಮವಾರ ತರುತ್ತಾರಂತೆ. ಸೆಂಟ್ರಿಂಗಿನವರು ಆಗಲೇ ಬಂದಿದ್ದಾರೆ.

ಎಂಜಿನಿಯರ್: ಸೆಂಟ್ರಿಂಗ್ ಕಟ್ಟಲಿ. ರಿಜಿಸ್ಟರ್ ನೋಡುವವರೆಗೆ ಕಾಂಕ್ರೀಟ್ ಲಾರಿ ಕರೆಸಬೇಡಿ.