ಉಪಕೇಂದ್ರದ ನರ್ಸ್ ಶಾಸಕರ ಹತ್ತಿರ ಏನು ಕೇಳಬೇಕು? ಅನುಭವ ಇರುವವರು ಹೇಳಿ

ಕೇಳಿದವರು: ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ಕೊಪ್ಪಳ ಕಡೆ

ಬಿಎಸ್ಸಿ ನರ್ಸಿಂಗ್ ಮುಗಿಸಿ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಅಂದರೆ ಊರಿನ ಆರೋಗ್ಯ ಉಪಕೇಂದ್ರದಲ್ಲಿ, ಗುತ್ತಿಗೆ ಮೇಲೆ ಇದ್ದೇನೆ. ಡಾಕ್ಟರ್ ಬರೆದ ಬಿಪಿ, ಶುಗರ್ ಮಾತ್ರೆಗಳನ್ನು ತಿಂಗಳು ತಿಂಗಳು ಕೊಡುವುದು ನನ್ನ ಕೆಲಸ. ಬಿಪಿ ಇಳಿಯದಿದ್ದರೆ ಡೋಸ್ ಬದಲಿಸಲು ಮತ್ತೆ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಕಳಿಸಬೇಕು. ಕೂಲಿ ಬಿಟ್ಟು ಯಾರು ಹೋಗುತ್ತಾರೆ? ಅದೇ ಮಾತ್ರೆ ನುಂಗುತ್ತಾ ಇರುತ್ತಾರೆ. ಈಗ ಸಂಘದವರು ಶಾಸಕರಿಗೆ ಮನವಿ ಕೊಡೋಣ, ನೀನೇ ಬರಿ ಅಂತಿದ್ದಾರೆ. ಹೇಗೆ ಬರೆಯಬೇಕು, ಏನು ಕೇಳಬೇಕು ಗೊತ್ತಾಗುತ್ತಿಲ್ಲ.

ಹಿರಿಯ ಸಿಎಚ್‌ಒ, ಹಾವೇರಿ ಕಡೆ

ತಂಗಿ, ಮೊದಲು ಶಾಸಕರ ಮನೆ ಮುಂದೆ ಬೆಳಿಗ್ಗೆ ಹೇಗಿರುತ್ತದೆ ಅಂತ ತಿಳ್ಕೋ. ವರ್ಗಾವಣೆ ಕೇಳುವವರು, ರಸ್ತೆ ಕೇಳುವವರು, ಮದುವೆಗೆ ಕರೆಯಲು ಬಂದವರು, ಎಲ್ಲರೂ ಕಾಂಪೌಂಡ್ ತುಂಬಾ. ನಿಮಗೆ ಸಿಗುವುದು ಅವರು ಚಪ್ಪಲಿ ಮೆಟ್ಟಿ ಕಾರು ಹತ್ತುವಷ್ಟು ಹೊತ್ತು. ನಮ್ಮ ಪಕ್ಕದ ತಾಲ್ಲೂಕಿನವರು ಸಂಬಳ, ಕಾಯಂ, ವರ್ಗಾವಣೆ, ಇನ್ಸೆಂಟಿವ್ ಎಲ್ಲ ಸೇರಿಸಿ ನಾಲ್ಕು ಪುಟದ ಮನವಿ ಒಯ್ದಿದ್ದರು. ಶಾಸಕರು ಪುಟ ತಿರುವಲೂ ಇಲ್ಲ. ಮೂಲೆಯಲ್ಲಿ 'ಡಿಎಚ್‌ಒ, ಪರಿಶೀಲಿಸಿ ಸೂಕ್ತ ಕ್ರಮ' ಅಂತ ಜಿಲ್ಲಾ ಆರೋಗ್ಯಾಧಿಕಾರಿಗೆ ಗೀಚಿ ಪಿಎ ಕೈಗೆ ಕೊಟ್ಟರು. ಅಷ್ಟೇ.

ಸಂಬಳದ ವಿಷಯ ಬೇರೆ ದಿನ ಬೇರೆ ಪತ್ರದಲ್ಲಿ ಕೇಳಿ. ಅದು ನ್ಯಾಯವಾದದ್ದೇ, ಆದರೆ ರೋಗಿಯ ವಿಷಯದ ಜೊತೆ ಸೇರಿಸಿದರೆ ಎದುರಿನವರ ಕಣ್ಣು ದುಡ್ಡಿನ ಮೇಲೇ ನಿಲ್ಲುತ್ತದೆ.

ನಾವು ಮಾಡಿದ್ದು ಇಷ್ಟು. ಒಂದೇ ಹಾಳೆ. ಮೇಲೆ ಒಂದು ಬೇಡಿಕೆ, ಎರಡು ಸಾಲು. ಕೆಳಗೆ ಎನ್‌ಸಿಡಿ ರಿಜಿಸ್ಟರಿನಿಂದ (ಬಿಪಿ, ಶುಗರ್‌ನಂಥ ಅಂಟದ ರೋಗಗಳ ದಾಖಲೆ) ತೆಗೆದ ಪಟ್ಟಿ, ಹೆಸರು ಅಳಿಸಿ: ಊರು, ವಯಸ್ಸು, ಮೂರು ತಿಂಗಳ ಬಿಪಿ ರೀಡಿಂಗ್, ಪಿಎಚ್‌ಸಿಗೆ ಕಳಿಸಿದ ತಾರೀಖು, ಹೋದರಾ ಇಲ್ಲವಾ. 170/100, ಮುಂದಿನ ತಿಂಗಳು 168/100, ಅದರ ಮುಂದಿನದು 172/98, ಮಾತ್ರೆ ಮಾತ್ರ ಅದೇ ಅಮ್ಲೋಡಿಪಿನ್ 5. ಕೊನೆಯ ಕಾಲಂನಲ್ಲಿ 'ಹೋಗಿಲ್ಲ' ಅಂತ ಸಾಲಾಗಿ ಇತ್ತು. ಶಾಸಕರು ಬೆರಳಿಟ್ಟು ಕೇಳಿದ್ದು ಒಂದೇ: 'ಇದು ಯಾವ ಊರು?' ಅವರಿಗೆ ಊರಿನ ಹೆಸರು ಮುಖ್ಯ, ಪರ್ಸೆಂಟೇಜ್ ಅಲ್ಲ.

ಇನ್ನೊಂದು. ಅಲ್ಲಿಗೆ ಹೋಗುವ ಮೊದಲು ನಿಮ್ಮ ಉಪಕೇಂದ್ರದ ಜನ ಆರೋಗ್ಯ ಸಮಿತಿಯಲ್ಲಿ ಠರಾವು ಮಾಡಿಸಿ. ಗ್ರಾಮ ಪಂಚಾಯಿತಿ ಅಧ್ಯಕ್ಷರೇ ಅದರ ಅಧ್ಯಕ್ಷರು, ನೀನು ಸದಸ್ಯ ಕಾರ್ಯದರ್ಶಿ. ಪಿಎಚ್‌ಸಿ ಡಾಕ್ಟರೂ ಅದರಲ್ಲಿ ಇರುತ್ತಾರೆ. ಊರಿನವರು ಕೇಳಿದ್ದು ಅಂದರೆ ಅದರ ತೂಕ ಬೇರೆ.

ವೈದ್ಯಾಧಿಕಾರಿ, ಮಲೆನಾಡು

ಡಾಕ್ಟರ್ ಕಡೆಯಿಂದಲೂ ಒಂದು ಮಾತು. 'ನರ್ಸ್‌ಗೆ ಔಷಧ ಬರೆಯುವ ಅಧಿಕಾರ ಕೊಡಿ' ಅಂತ ದಯವಿಟ್ಟು ಬರೆಯಬೇಡಿ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್ನಿನಲ್ಲಿ ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಲೈಸೆನ್ಸ್ ಕೊಡುವ ಮಾತು ಬಂದಾಗ ಡಾಕ್ಟರ್‌ಗಳ ಸಂಘ ಐಎಂಎ ದೇಶದ ತುಂಬಾ ಮುಷ್ಕರ ಮಾಡಿತು. ಆ ಗಾಯ ಇನ್ನೂ ಮಾಗಿಲ್ಲ. ನನ್ನ ಜೊತೆಯ ಡಾಕ್ಟರ್‌ಗಳಲ್ಲಿ ಅನೇಕರು ಆ ಸಾಲು ಕಂಡ ಕೂಡಲೇ ಪತ್ರ ಮಡಿಸಿಡುತ್ತಾರೆ.

ನಿಮಗೆ ಬೇಕಾದ್ದು ಅಷ್ಟು ದೊಡ್ಡದೂ ಅಲ್ಲ. ಬಿಪಿಗೆ ಹಂತ ಹಂತದ ಚಿಕಿತ್ಸಾ ಕ್ರಮ ಈಗಾಗಲೇ ಇದೆ. 2017ರಲ್ಲಿ ಶುರುವಾದ ಇಂಡಿಯಾ ಹೈಪರ್‌ಟೆನ್ಶನ್ ಕಂಟ್ರೋಲ್ ಇನಿಶಿಯೇಟಿವ್ ಕೆಲಸ ಮಾಡುವುದೇ ಹಾಗೆ: ಯಾವ ಮಾತ್ರೆಯಿಂದ ಶುರು, 140/90ಕ್ಕಿಂತ ಕೆಳಗೆ ಬರದಿದ್ದರೆ ಮುಂದಿನ ಹೆಜ್ಜೆ ಯಾವುದು, ಎಲ್ಲ ಮೊದಲೇ ಬರೆದಿರುತ್ತದೆ. 'ಡಾಕ್ಟರ್ ಚಿಕಿತ್ಸೆ ಶುರು ಮಾಡಿದ ರೋಗಿಗೆ, ಇ-ಸಂಜೀವಿನಿಯಲ್ಲಿ (ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ) ಅವರನ್ನು ಕೇಳಿ, ಮುಂದಿನ ಹಂತದ ಮಾತ್ರೆಯನ್ನು ಉಪಕೇಂದ್ರದಲ್ಲೇ ಕೊಡಲು ಲಿಖಿತ ಆದೇಶ ಮತ್ತು ಸ್ಟಾಕ್ ಬೇಕು' ಅಂತ ಕೇಳಿ. ಇದಕ್ಕೆ ನಾನೂ ಸಹಿ ಹಾಕುತ್ತೇನೆ. ನಿಮ್ಮ ಡಾಕ್ಟರ್ ಹತ್ತಿರವೂ ಮೊದಲೇ ಹೋಗಿ ಮಾತಾಡಿ. ಶಾಸಕರ ಬಾಯಿಂದ ಕೇಳುವ ಹಾಗೆ ಆಗಬಾರದು.

ಐಸಿಯು ನರ್ಸ್, ಬೆಂಗಳೂರು

ಸರ್ ಹೇಳಿದ್ದು ಈ ವರ್ಷಕ್ಕೆ ಸರಿ. ಆದರೆ ಆದೇಶದ ಮೇಲೆ ನಿಂತ ಕೆಲಸ, ಆದೇಶ ಹೊರಡಿಸಿದವರು ವರ್ಗವಾದರೆ ಹೋಯಿತು, ಅಲ್ವಾ?

ನಾನು ಓದಿದ್ದು ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್, ಅಂದರೆ ತೀವ್ರ ನಿಗಾದ ರೋಗಿಗಳ ಚಿಕಿತ್ಸೆಯಲ್ಲಿ ಹೆಚ್ಚಿನ ಹೊಣೆ ಹೊರುವ ನರ್ಸ್ ಆಗಲು. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಎರಡು ವರ್ಷದ ರೆಸಿಡೆನ್ಸಿ ಸ್ನಾತಕೋತ್ತರ ಕೋರ್ಸ್. ವೆಂಟಿಲೇಟರ್ ಸೆಟ್ಟಿಂಗ್, ಎಬಿಜಿ (ರಕ್ತದಲ್ಲಿನ ಆಮ್ಲಜನಕ ಮುಂತಾದವುಗಳ ಪರೀಕ್ಷೆ) ಓದುವುದು, ರೌಂಡ್ಸ್‌ನಲ್ಲಿ ಯೋಜನೆ ಹೇಳುವುದು, ಎಲ್ಲ ಕಲಿಸಿದರು. ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ ಎಚ್‌ಆರ್‌ನವರು 'ಈ ಹುದ್ದೆ ನಮ್ಮ ಪಟ್ಟಿಯಲ್ಲಿಲ್ಲ' ಅಂತ ಸ್ಟಾಫ್ ನರ್ಸ್ ಬ್ಯಾಡ್ಜ್ ಕೊಟ್ಟರು. ಡಿಗ್ರಿ ಇದೆ, ಹುದ್ದೆ ಇಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ ನರ್ಸ್ ಪ್ರಾಕ್ಟೀಷನರ್ ವೃಂದ (ಹುದ್ದೆಗಳ ಪ್ರತ್ಯೇಕ ವರ್ಗ) ಬೇಕು ಅಂತ ಬರೆದಿದೆ. ನೀತಿಯಲ್ಲಿ ಬರೆದರೆ ಸಾಲದು. ಸರ್ಕಾರಿ ಕೆಲಸದಲ್ಲಿ ವೃಂದ ಮತ್ತು ನೇಮಕಾತಿ ನಿಯಮಕ್ಕೆ ತಿದ್ದುಪಡಿ ಆಗದೆ ಹೊಸ ಹುದ್ದೆ ಹುಟ್ಟುವುದಿಲ್ಲ.

1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಬಂತು. ಇಂಥ ಕಾಯ್ದೆಯಲ್ಲಿ ಅಸಲು ವಿಷಯ ಇರುವುದು ಅದರ ಕೆಳಗೆ ಬರುವ ನಿಯಮಗಳಲ್ಲಿ. ಕರಡು ಹೊರಬಿದ್ದು ಅಭಿಪ್ರಾಯ ಕೇಳಿದಾಗ ನಾವು ಡ್ಯೂಟಿ, ನೈಟ್ ಶಿಫ್ಟ್ ಅಂತ ಸುಮ್ನೆ ಇರುತ್ತೇವೆ. ಆಮೇಲೆ ವಾಟ್ಸಾಪ್‌ನಲ್ಲಿ ಬೈತೇವೆ. ಸಂಘದಲ್ಲಿ ಇದನ್ನು ನೋಡುವುದಕ್ಕೇ ಒಬ್ಬರನ್ನು ಇಡಿ.

ನರ್ಸ್, ಇಂಗ್ಲೆಂಡ್ (ಊರು ದಾವಣಗೆರೆ)

ಇಲ್ಲಿ ನಾನು ಔಷಧ ಬರೆಯುತ್ತೇನೆ. ಇದೂ ಸುಲಭವಾಗಿ ಬಂದದ್ದಲ್ಲ. 1986ರಲ್ಲಿ ಇಲ್ಲಿನ ನರ್ಸಿಂಗ್ ಸೇವೆ ಕುರಿತ ಕಂಬರ್ಲೆಜ್ ವರದಿ ಶಿಫಾರಸು ಮಾಡಿತು. ಕಾನೂನು 1992ರಲ್ಲಿ, ಪ್ರಯೋಗ 1994ರಲ್ಲಿ. ಅದೂ ಮನೆ ಮನೆಗೆ ಹೋಗುವ ನರ್ಸ್‌ಗಳಿಗೆ ಮಾತ್ರ, ಡ್ರೆಸ್ಸಿಂಗ್, ಮುಲಾಮು, ಮಲಬದ್ಧತೆಯ ಔಷಧ ಅಂತ ಒಂದು ಚಿಕ್ಕ ಪಟ್ಟಿ. ಹೆಚ್ಚುಕಡಿಮೆ ಇಡೀ ಔಷಧ ಪಟ್ಟಿ ತೆರೆದದ್ದು 2006ರಲ್ಲಿ. ಈಗಲೂ ಬೇರೆ ಕೋರ್ಸ್ ಪಾಸಾಗಿ, ನೋಂದಣಿಯಲ್ಲಿ ಅದು ದಾಖಲಾದರೆ ಮಾತ್ರ ಬರೆಯಬಹುದು. ಹಾಗಾಗಿ ಚಿಕ್ಕ ಪಟ್ಟಿ ಅಂತ ಬೇಜಾರಾಗಬೇಡಿ.

ಸಂಘದ ಕೆಲಸ ಮಾಡುವವರು, ಮೈಸೂರು

ಬೇಗ ಎರಡು ವಿಷಯ. ನಿಮ್ಮ ತಾಲ್ಲೂಕಿನ ಉಪಕೇಂದ್ರಗಳಿಗೆ ಎಷ್ಟು ಬಿಪಿ ಮಾತ್ರೆ ಬಂತು ಅಂತ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಇದನ್ನು ಮರೆತರೆ ಅರ್ಜಿ ವಾಪಸ್.

ಎರಡನೆಯದು: ಬಿಎಸ್ಸಿ ಆಗಿ ಮೂರು ವರ್ಷ ಕಳೆದಿದ್ದರೆ ನೀವು ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಮತದಾರರು. ಆ ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಮಾಡುತ್ತಾರೆ, ನಮೂನೆ 18 ತುಂಬದಿದ್ದರೆ ಹೆಸರಿಲ್ಲ. ನಮ್ಮ ನರ್ಸ್‌ಗಳಲ್ಲಿ ಇದನ್ನು ತುಂಬುವವರು ಕಡಿಮೆ. ಶಾಸಕರಿಗೆ ಎಷ್ಟೋ ಸಾವಿರ ಮತದಾರರಲ್ಲಿ ನಾವೂ ಒಬ್ಬರು. ಪದವೀಧರ ಕ್ಷೇತ್ರದ ಪರಿಷತ್ ಸದಸ್ಯರಿಗೆ ನಾವು ಗುಂಪಾಗಿಯೇ ಕಾಣುತ್ತೇವೆ. ಅವರು ಸದನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲೇ ಬಾಯಿಮಾತಿನ ಉತ್ತರ ಬೇಡುವ ಪ್ರಶ್ನೆ) ಕೇಳಿದರೆ ಆರೋಗ್ಯ ಸಚಿವರು ಉತ್ತರಿಸಬೇಕು, ಇಲಾಖೆ ಲೆಕ್ಕ ಒದಗಿಸಬೇಕು.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಒಂದು ಹೆದರಿಕೆ ಇದೆ. ನನ್ನ ಹೆಸರಲ್ಲಿ ಪತ್ರ ಹೋದರೆ ಗುತ್ತಿಗೆ ನವೀಕರಣಕ್ಕೆ ತೊಂದರೆ ಆಗಲ್ವಾ?

ಹಿರಿಯ ಸಿಎಚ್‌ಒ, ಹಾವೇರಿ ಕಡೆ

ಆಗಬಹುದು, ಅದಕ್ಕೇ ನಿನ್ನ ಹೆಸರು ಹಾಕಬೇಡ. ಸಂಘದ ಲೆಟರ್‌ಹೆಡ್, ಅಧ್ಯಕ್ಷರ ಸಹಿ, ಜೊತೆಗೆ ಸಮಿತಿಯ ಠರಾವಿನ ನಕಲು. ಪ್ರತಿಯನ್ನು ಟಿಎಚ್‌ಒ (ತಾಲ್ಲೂಕು ಆರೋಗ್ಯಾಧಿಕಾರಿ), ಡಿಎಚ್‌ಒ ಕಚೇರಿಗೂ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಪತ್ರಿಕೆಯವರು ಫೋನ್ ಮಾಡಿದರೆ ಅಧ್ಯಕ್ಷರ ನಂಬರ್ ಕೊಡು. ಕರಡು ಆದಮೇಲೆ ಇಲ್ಲಿ ಹಾಕು, ನೋಡಿ ಹೇಳುತ್ತೇನೆ.